ಕಲ್ಲುಬಾವಿಯಲ್ಲಿ ಒತ್ತಕ್ಷರ ರದ್ದಾದದ್ದು

ಮಾಯಸಂದ್ರದಲ್ಲಿ ಬಸ್ಸಿಳಿದು, ತೆಂಗಿನ ತೋಟಗಳ ನಡುವಿನ ಮಣ್ಣುದಾರಿ ಹಿಡಿದು ಒಳಕ್ಕೆ ನಡೆದರೆ ಕಲ್ಲುಬಾವಿ ಸಿಗುತ್ತದೆ. ಆ ಊರಿನ ಶಿವಮೂರ್ತಿಯನ್ನು ತಲೆಗೂದಲು ನರೆಯುವ ತನಕ ಒಬ್ಬರೂ ‘ಸಾರ್’ ಅಂದಿರಲಿಲ್ಲ. ಊರಿನ ತೆಂಗು ಬೆಳೆಗಾರರ ಸಂಘಕ್ಕೆ ಅವನು ಕಾರ್ಯದರ್ಶಿ. ಕಾರ್ಯದರ್ಶಿ ಅಂದರೆ ಸಂಘದ ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಅಧ್ಯಕ್ಷರು ಬಂದರೆ ಫ್ಯಾನು ಹಾಕುವುದು, ಹೋದರೆ ಆರಿಸುವುದು. ದೊಡ್ಡವರು ‘ಲೇ ಶಿವ’ ಅನ್ನುತ್ತಿದ್ದರು, ಚಿಕ್ಕವರು ‘ಶಿವಣ್ಣೋ’ ಅನ್ನುತ್ತಿದ್ದರು, ಹೆಂಡತಿ ಸುನಂದಾ ‘ರೀ’ ಅನ್ನುತ್ತಿದ್ದಳು. ಆ ‘ರೀ’ಯಲ್ಲಿ ಮರ್ಯಾದೆ ಎಷ್ಟಿತ್ತು, ಬೇಸರ ಎಷ್ಟಿತ್ತು ಅಂತ ತೂಗಿ ನೋಡುವ ಧೈರ್ಯ ಅವನಿಗೆ ಬಂದಿರಲಿಲ್ಲ.

ಸಂಘಕ್ಕೆ ಪ್ರಿಂಟರಿನ ಜೊತೆ ಒಂದು ಲ್ಯಾಪ್‌ಟಾಪು ಬಂತು ನೋಡಿ, ಅಲ್ಲಿಂದ ಅವನ ನಡಿಗೆಯೇ ಬೇರೆಯಾಯಿತು. ಹರೆಯದಲ್ಲಿ ತುರುವೇಕೆರೆಯಲ್ಲಿ ಕನ್ನಡ ಟೈಪಿಂಗ್ ಕಲಿತವನು ಊರಿಗೆಲ್ಲ ಅವನೊಬ್ಬನೇ. ಲ್ಯಾಪ್‌ಟಾಪನ್ನು ಸಂಘದಲ್ಲಿ ಬಿಟ್ಟರೆ ಇಲಿ ಕಡಿಯುತ್ತದೆ ಅಂತ ಅಧ್ಯಕ್ಷರಿಗೆ ಹೇಳಿ ಮನೆಗೆ ತಂದುಕೊಂಡ. ಮಧ್ಯಾಹ್ನದ ಹೊತ್ತು ಜಗಲಿ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆ ಮೇಲೆ ಅದನ್ನಿಟ್ಟುಕೊಂಡು ಕೂರುವನು. ಬೀದಿಯಲ್ಲಿ ಯಾರೂ ಇಲ್ಲದಾಗ ಸುಮ್ಮನಿರುತ್ತಿದ್ದ ಬೆರಳುಗಳು ಯಾರಾದರೂ ಬರುವುದು ಕಂಡ ಕೂಡಲೇ ಪಟಪಟ ಓಡುತ್ತಿದ್ದವು. ಅವು ಟೈಪ್ ಮಾಡುತ್ತಿದ್ದದ್ದು ‘ತೆಂಗು ತೆಂಗು ತೆಂಗು’ ಅಂತ. ಅದು ಬೀದಿಗೆ ಹೇಗೆ ಗೊತ್ತಾಗಬೇಕು? ಮೊದಲು ಡೈರಿಗೆ ಬಂದ ಪರಸ್ಥಳದವನೊಬ್ಬ ‘ಸಾರ್, ಇಲ್ಲಿ ಹಾಲು ಪರೀಕ್ಷೆ ಮಾಡೋರು ಎಲ್ಲಿ ಸಿಗ್ತಾರೆ?’ ಅಂತ ಕೇಳಿದ. ಆಮೇಲೆ ಊರವರಿಗೂ ಅದು ಅಂಟಿಕೊಂಡಿತು. ಶಿವಮೂರ್ತಿ ಅಂಗಿಗೆ ಇಸ್ತ್ರಿ ಹಾಕಿಸಲು ಶುರುಮಾಡಿದ.

ಹೀಗಿರುವಾಗ ಒಂದು ದಿನ ನಾದಿನಿ ಗಿರಿಜಾಂಬಿಕಾ ಬಂದಳು. ಅವಳನ್ನು ಅದೇ ಊರಿಗೆ ಕೊಟ್ಟಿತ್ತು. ಸುನಂದಾ ಎಳನೀರು ಕೊಚ್ಚಿ ಇಬ್ಬರ ಕೈಗೂ ಕೊಟ್ಟಳು.

“ಭಾವ, ಕೀ ನೋಡ್ದಂಗೇ ಟೈಪ್ ಮಾಡ್ತೀರಂತೆ, ನಿಜಾನಾ?” ಅಂದಳು ಗಿರಿಜಾಂಬಿಕಾ.

ಆ ಪ್ರಶ್ನೆಗೆ ‘ಹೂಂ’ ಅಂದಿದ್ದರೆ ಈ ಕಥೆ ಇಲ್ಲ. ಶಿವಮೂರ್ತಿ ‘ಹೂಂ’ ಅನ್ನಲಿಲ್ಲ. ಎಡಗೈಲಿ ಎಳನೀರೆತ್ತಿ, ಕತ್ತು ಮೇಲೆ ಮಾಡಿ, ಬುರುಡೆಯನ್ನು ಬಾಯಿಗೆ ಬಗ್ಗಿಸಿಕೊಂಡು, ಬಲಗೈಲಿ ‘ಗಿರಿಜಾಂಬಿಕಾ’ ಅಂತ ಟೈಪ್ ಮಾಡಿ ತೋರಿಸಿದ. ಹೆಸರು ಒಂದಕ್ಷರ ತಪ್ಪಿಲ್ಲದೆ ಬಂತು. ಎಳನೀರು ಮಾತ್ರ ಬಾಯಿಗೆ ಬರಲಿಲ್ಲ.

ಬುರುಡೆಯಲ್ಲಿದ್ದಷ್ಟೂ ಕೀಬೋರ್ಡಿನ ಮೇಲೆ ಬಿತ್ತು. ಪರದೆ ಒಮ್ಮೆ ಮಿಣುಕಿ ಕಪ್ಪಾಯಿತು. ಶಿವಮೂರ್ತಿ ಕತ್ತು ಮೇಲೆ ಮಾಡಿದವನು ಕೆಳಗಿಳಿಸಲೇ ಇಲ್ಲ.

ಆಮೇಲೆ ನಡೆದ ಶುಶ್ರೂಷೆಯನ್ನು ಅಕ್ಕ ತಂಗಿ ಇಬ್ಬರೂ ಮಾಡಿದರು. ಸುನಂದಾ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಮುದ್ದೆ ಮಡಕೆ ತಟ್ಟಿದಂತೆ ತಟ್ಟಿದಳು. ಮೊಬೈಲು ನೀರಿಗೆ ಬಿದ್ದರೆ ಅಕ್ಕಿಯಲ್ಲಿ ಹೂಳುತ್ತಾರೆ ಅಂತ ಗಿರಿಜಾಂಬಿಕಾ ಹೇಳಿದ್ದಕ್ಕೆ ಅದನ್ನು ಅಕ್ಕಿ ಮೂಟೆಯಲ್ಲಿ ಹೂತರು. ಮಾರನೆಯ ದಿನ ಕೀಗಳ ಸಂದಿಯಿಂದ ಅಕ್ಕಿ ನುಚ್ಚು ಉದುರಿತೇ ಹೊರತು ಜೀವ ಬರಲಿಲ್ಲ.

“ಕೊಬ್ರಿ ಒಣಗ್ಸೋ ಊರಲ್ಲಿ ಇದೊಂದು ಒಣಗಲ್ವಾ?” ಅಂದವಳೇ ಸುನಂದಾ ಅದನ್ನು ತಾರಸಿ ಮೇಲೆ ಕೊಬ್ಬರಿಯ ಪಕ್ಕದಲ್ಲೇ ಬಿಸಿಲಿಗೆ ಹರವಿದಳು.

ಆಶ್ಚರ್ಯ ಏನೆಂದರೆ, ಅದು ಒಣಗಿತು. ಗುಂಡಿ ಒತ್ತಿದರೆ ಹೊತ್ತಿಕೊಂಡಿತು. ಶಿವಮೂರ್ತಿ ಕಣ್ಣಿಗೊತ್ತಿಕೊಂಡು ಮೊದಲ ಕೆಲಸವಾಗಿ ತನ್ನ ಹೆಸರನ್ನೇ ಟೈಪ್ ಮಾಡಿದ. ‘ಶಿವಮೂರತಿ’ ಅಂತ ಬಂತು. ಅಳಿಸಿ ಮತ್ತೆ ಮಾಡಿದ. ಮತ್ತೆ ಶಿವಮೂರತಿ. ಎಲ್ಲ ಕೀ ಕೆಲಸ ಮಾಡುತ್ತಿದ್ದವು, ಒಂದನ್ನು ಬಿಟ್ಟು. ಕನ್ನಡ ಟೈಪ್ ಮಾಡುವವರಿಗೆ ಗೊತ್ತು, ಎಫ್ ಅನ್ನುವ ಆ ಒಂದು ಕೀ ಒತ್ತಿದರೇನೇ ಅಕ್ಷರದ ಕೆಳಗೆ ಒತ್ತು ಕೂರುವುದು. ಎಳನೀರು ಇಡೀ ಕೀಬೋರ್ಡಿನಲ್ಲಿ ಹುಡುಕಿ ಹುಡುಕಿ ಅದನ್ನೇ ಕೊಂದಿತ್ತು.

ಗುಟ್ಟಾಗಿ ತಿಪಟೂರಿಗೆ ಹೋಗಿ ರಿಪೇರಿ ಅಂಗಡಿಯಲ್ಲಿ ತೋರಿಸಿದ. ಅಂಗಡಿಯವನು ಕೀ ಒತ್ತಿ ನೋಡಿ, “ಇಡೀ ಕೀಬೋರ್ಡೇ ಬದಲಾಯಿಸ್ಬೇಕು ಸಾರ್, ಬೆಂಗ್ಳೂರಿಂದ ತರಿಸ್ಬೇಕು, ಟೈಮ್ ಆಗುತ್ತೆ. ಅಲ್ಲೀ ತನಕ ಹೊರಗಡೆ ಕೀಬೋರ್ಡ್ ಒಂದು ಸಿಕ್ಕಿಸ್ಕೊಳಿ, ಕೆಲಸ ನಡೀತದೆ” ಅಂದ.

“ಒಂದಿರೋ ಕಡೆ ಇನ್ನೊಂದ್ಯಾಕೆ ಅಂತ ಯಾರಾದ್ರೂ ಕೇಳಿದ್ರೆ?”

“ಇದು ಹಾಳಾಗೈತೆ ಅನ್ನಿ.”

ಅದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಅನ್ನಲು ಶಿವಮೂರ್ತಿ ತಯಾರಿದ್ದ. ಬರಿಗೈಲಿ ವಾಪಸ್ಸು ಬಂದ.

ಆ ವಾರವೇ ಸಂಘದ ಅಧ್ಯಕ್ಷ ಚಿಕ್ಕರಂಗಯ್ಯನವರು ಹೇಳಿ ಕಳಿಸಿದರು. ಸರ್ಕಾರ ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುತ್ತದಂತೆ, ತುರುವೇಕೆರೆಯಲ್ಲಿ ಖರೀದಿ ಕೇಂದ್ರ ತೆರೆಯುತ್ತದಂತೆ, ಸಂಘದ ಸದಸ್ಯರ ಹೆಸರೆಲ್ಲ ಟೈಪಾಗಿ ಹೋಗಬೇಕಂತೆ. ವರ್ಷವೆಲ್ಲ ಅಟ್ಟದ ಮೇಲೆ ಕಾಯಿ ಕಾದು, ಸುಲಿದು, ಚಿಪ್ಪು ಬಿಡಿಸಿ ಮೂಟೆ ಕಟ್ಟಿಟ್ಟಿದ್ದ ಊರು ಅದನ್ನೇ ಎದುರು ನೋಡುತ್ತಿತ್ತು. ತಿಪಟೂರಿನ ಮಂಡಿ ವ್ಯಾಪಾರಿ ಕೊಡುವುದಕ್ಕಿಂತ ಸರ್ಕಾರದ ಬೆಲೆ ಎಷ್ಟೋ ಮೇಲು.

ಶಿವಮೂರ್ತಿ ಕೂತು ಟೈಪ್ ಮಾಡಿದ. ಮೊದಲ ಹೆಸರೇ ‘ಚಿಕಕರಂಗಯಯ’ ಅಂತ ಬಂತು. ತೊದಲಿದಂತೆ ಕಾಣುತ್ತಿತ್ತು. ಎರಡೆರಡು ಬಂದಲ್ಲಿ ಒಂದನ್ನು ತೆಗೆದರೆ ಲಕ್ಷಣವಾಗಿರುತ್ತದೆ ಅನ್ನಿಸಿತು. ತೆಗೆದ. ಚಿಕ್ಕರಂಗಯ್ಯ ‘ಚಿಕರಂಗಯ’ ಆದರು. ಕೆಂಚಪ್ಪ ‘ಕೆಂಚಪ’, ಸಣ್ಣತಿಮ್ಮಯ್ಯ ‘ಸಣತಿಮಯ’, ಪುಟ್ಟಗಂಗಮ್ಮ ‘ಪುಟಗಂಗಮ’ ಆದರು. ಇದೇ ಕ್ರಮ ಹಿಡಿದು ಕೈ ಓಡಿಸುತ್ತ ಹೋಗಿ, ಕೊನೆಯಲ್ಲಿ ತನ್ನ ರುಜು ಹಾಕುವ ಜಾಗಕ್ಕೆ ಬಂದಾಗ ‘ಕಾಯದಶಿ ಶಿವಮೂತಿ’ ಅಂತ ಆಗಿತ್ತು. ಅವನು ಗಮನಿಸಲಿಲ್ಲ.

ಚಿಕ್ಕರಂಗಯ್ಯ ಕನ್ನಡಕ ಏರಿಸಿ ಹಾಳೆ ನೋಡಿದರು.

“ಏನ್ಲಾ ಇದು? ಚಿಕರಂಗಯ ಅಂದ್ರೆ ಯಾರು?”

ಎಳನೀರು ಅಂದರೆ ಲ್ಯಾಪ್‌ಟಾಪ್ ಹೋಗುತ್ತದೆ, ಲ್ಯಾಪ್‌ಟಾಪ್ ಹೋದರೆ ‘ಸಾರ್’ ಹೋಗುತ್ತದೆ. ಶಿವಮೂರ್ತಿ ಬಾಯಿಗೆ ಬಂದದ್ದನ್ನು ಹೇಳಿದ.

“ಹೊಸ ಆರ್ಡರ್ ಬಂದೈತಲ್ಲ ಅಧ್ಯಕ್ಷರೇ. ಕಂಪ್ಯೂಟರ್ಗೆ ಭಾರ ಆಗುತ್ತೆ ಅಂತ ಮೇಲಿನೋರು ಒತ್ತಕ್ಷರ ರದ್ದು ಮಾಡವ್ರೆ. ನಿಮಗೆ ಗೊತ್ತಿರ್ಬೇಕಲ್ಲ?”

ಈ ಕೊನೆಯ ಮಾತು ಸುಮ್ಮನೆ ಉದುರಿದ್ದು. ಕೆಲಸ ಮಾಡಿದ್ದು ಅದೇ. ತಮಗೆ ಗೊತ್ತಿಲ್ಲದ ಸಂಗತಿ ಜಿಲ್ಲೆಯಲ್ಲಿ ಇರಬಹುದು ಅಂತ ಚಿಕ್ಕರಂಗಯ್ಯ ಇದುವರೆಗೆ ಒಪ್ಪಿದವರಲ್ಲ. ಕನ್ನಡಕ ಇಳಿಸಿ, ಗಂಟಲು ಸರಿಮಾಡಿಕೊಂಡು, “ಗೊತ್ತಿಲ್ದೆ ಏನು? ತುಮಕೂರು ಮೀಟಿಂಗಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ ಸಾಹೇಬ್ರು ಹೇಳಿದ್ರು. ನಿಂಗೆ ಮುಟ್ಟಿದ್ಯೋ ಇಲ್ವೋ ಅಂತ ಕೇಳ್ದೆ ಅಷ್ಟೆ” ಅಂದು ರುಜು ಹಾಕಿದರು. ರುಜುವಿನಲ್ಲಿ ಮಾತ್ರ ಒತ್ತು ಎರಡೂ ಇದ್ದವು.

ಹಾಳೆಯ ಇನ್ನೊಂದು ಪ್ರತಿಯನ್ನು ಸಂಘದ ಬಾಗಿಲಿಗೆ ಅಂಟಿಸಿದ್ದೇ ತಡ, ಊರೆಲ್ಲ ಅದರ ಮುಂದೆ ನೆರೆಯಿತು. ಓದು ಬರುವವರಲ್ಲಿ ಹಿರಿಯನಾದ ಕೆಂಚಪ್ಪ ಬೆರಳಿಟ್ಟು ಓದಿದ.

“ಲೇ ಶಿವ, ಈ ಕೆಂಚಪ ಯಾವೂರೋನ್ಲಾ?”

“ನೀವೇ ಕೆಂಚಪ್ಪಣ್ಣ.”

“ನಾನು ಇಷ್ಟು ಗಿಡ್ಡ ಇಲ್ಲ ಕಣ್ಲಾ.”

ಮೇಲಿನ ಆರ್ಡರು ಅಂತ ಶಿವಮೂರ್ತಿ ಹೇಳಿದ, ಅಧ್ಯಕ್ಷರು ಹೌದು ಅಂದರು. ಪಕ್ಕದ ಮನೆಯ ಹೊಂಬಾಳಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಗಂಡ ತೀರಿಹೋದ ಮೇಲೆ ಬಾವಿ ಪಕ್ಕದ ತೋಟವನ್ನು ಒಬ್ಬಳೇ ನಿಭಾಯಿಸಿಕೊಂಡು ಬಂದವಳು. ಅವಳಿಗೆ ಓದು ಬಾರದು.

“ನಂದೇನ್ ತಗ್ದವ್ರಪ್ಪ?”

“ಒಂದೇ ಒಂದು ಮ ಒತ್ತು ದೊಡ್ಡಮ್ಮ.”

“ಅದ್ ತಗ್ದ್ರೆ ನಾನೇನಾಯ್ತೀನಿ?”

“ಹೊಂಬಾಳಮ.”

“ಅಯ್ಯೋ! ಅವನ್ಯಾವನ್ಲಾ ಗಂಡಸು?” ಅಂದಳು. ಜನ ನಕ್ಕರು. ಅವಳು ನಗಲಿಲ್ಲ. “ಅವನ ಹೆಸ್ರಿಗೆ ನನ್ ಕೊಬ್ರಿ ಯಾಕೆ ಕೊಡ್ಲಿ?”

ಅಷ್ಟರಲ್ಲಿ ಕೆಂಚಪ್ಪನ ಬೆರಳು ಹಾಳೆಯ ಕೆಳಭಾಗಕ್ಕೆ ಹೋಗಿ ನಿಂತಿತ್ತು. “ತಡೀರಿ ತಡೀರಿ. ಸುನಂದಾ ಅಂತ ಇಲ್ಲಿ ನೆಟ್ಟಗೈತೆ. ಗಿರಿಜಾಂಬಿಕಾ ಅಂತ ಇಲ್ಲಿ ನೆಟ್ಟಗೈತೆ. ಸೆಕ್ರೆಟ್ರಿ ಹೆಂಡ್ತಿ, ಸೆಕ್ರೆಟ್ರಿ ನಾದಿನಿ. ಅವರ ಕೂದಲೂ ಕೊಂಕಿಲ್ಲ.”

“ಅವರ ಹೆಸರಲ್ಲಿ ಒತ್ತೇ ಇಲ್ವಲ್ಲ ಕೆಂಚಪ್ಪಣ್ಣ.”

“ಅದನ್ನೇ ನಾನೂ ಹೇಳೋದು. ಅಪ್ಪ, ಅಮ್ಮ, ಅಯ್ಯ, ಅಣ್ಣ, ಅಕ್ಕ, ಎಲ್ಲಾ ಒತ್ತಲ್ಲೇ ಬದುಕಿರೋ ಜನ. ಹಳೇ ಹೆಸರಿನೋರ್ನೆಲ್ಲ ಲಿಸ್ಟಿಂದ ಉದುರಿಸಿ, ನಯವಾದ ಹೆಸರಿನೋರ್ನ ಮಾತ್ರ ಉಳಿಸ್ಕೊಳ್ಳೋ ಪ್ಲ್ಯಾನು ಇದು. ಸೆಕ್ರೆಟ್ರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ನೋಡಿ ಹೆಣ್ಣು ತಂದವ್ನೆ!”

ಹೆಣ್ಣು ತಂದದ್ದು ಮೂವತ್ತು ವರ್ಷದ ಹಿಂದೆ, ಆಗ ಊರಲ್ಲಿ ಕರೆಂಟೇ ಸರಿಯಾಗಿರಲಿಲ್ಲ ಅಂತ ಯಾರಿಗೂ ಹೊಳೆಯಲಿಲ್ಲ. ಅವತ್ತಿನಿಂದ ಸುನಂದಾಳನ್ನು ಡೈರಿ ಮುಂದೆ ಮಾತಾಡಿಸುವವರಿಲ್ಲದಂತಾಯಿತು. ಹಾಲು ಅಳೆಯುವವಳು ಕೂಡ ಕ್ಯಾನಿನೊಳಗೆ ನೋಡಿಕೊಂಡೇ ಅಳೆದಳು.

“ಹೇಳ್ಬುಡಿ ಕಣ್ರೀ,” ಅಂದಳು ಸುನಂದಾ. “ಚೆಲ್ಬುಟ್ಟೆ ಅಂತ ಒಂದ್ ಮಾತ್ ಹೇಳ್ಬುಟ್ರೆ ಮುಗೀತು. ಒಂದಿನ ನಗ್ತಾರೆ.”

“ಈಗೆಂಗ್ ಹೇಳಕ್ಕಾಗುತ್ತೆ ಕಣೇ? ಅಧ್ಯಕ್ಷರು ಮೀಟಿಂಗಲ್ಲಿ ಕೇಳಿದೀನಿ ಅಂದವ್ರೆ. ಅವರ ಮಾನದ ಪ್ರಶ್ನೆ ಬಂತಲ್ಲ.”

ತನ್ನ ಮಾನ ಉಳಿಸಿಕೊಳ್ಳಲು ಪರರ ಮಾನದ ಹಿಂದೆ ಅಡಗಿಕೊಳ್ಳುವ ಈ ವಿದ್ಯೆಯನ್ನು ಶಿವಮೂರ್ತಿ ಯಾವ ಇನ್‌ಸ್ಟಿಟ್ಯೂಟಿನಲ್ಲೂ ಕಲಿತಿರಲಿಲ್ಲ. ಹುಟ್ಟಿನಿಂದಲೇ ಬಂದದ್ದು.

ಇಷ್ಟರಲ್ಲೇ ಮುಗಿದಿದ್ದರೂ ಆಗುತ್ತಿತ್ತು. ಆದರೆ ಬಾಗಿಲಿನ ಹಾಳೆಯನ್ನು ತಿಲಕ್ ನೋಡಿದ. ತಿಲಕ್ ಅಂದರೆ ತುರುವೇಕೆರೆಯಲ್ಲಿ ಒಂದು ಕನ್ನಡ ಸಂಘಟನೆಯ ತಾಲ್ಲೂಕು ಅಧ್ಯಕ್ಷ. ಹಳದಿ ಕೆಂಪು ಶಾಲು ಅವನ ಹೆಗಲಿನಿಂದ ಇಳಿದದ್ದನ್ನು ಕಂಡವರಿಲ್ಲ. ಕಲ್ಲುಬಾವಿಯಲ್ಲಿ ಅಜ್ಜನಿಂದ ಬಂದ ಒಂದಿಷ್ಟು ತೆಂಗು ಇದ್ದದ್ದರಿಂದ ಸಂಘದ ಸದಸ್ಯನೂ ಹೌದು. ಹಾಳೆಯಲ್ಲಿ ಅವನ ಹೆಸರು ‘ತಿಲಕ’ ಅಂತಿತ್ತು.

“ನಾನೇನು ಹಣೆ ಮೇಲಿನ ಬೊಟ್ಟಾ?” ಅಂತ ಗುಡುಗಿದ. “ಕನ್ನಡದ ಒತ್ತಿಗೆ ಕೈ ಹಾಕಿದೋರ್ನ ಸುಮ್ನೆ ಬಿಡ್ತೀವಾ? ಶಿವಮೂರ್ತಿ ಸಾರ್, ಧೈರ್ಯವಾಗಿ ಈ ಸಂಗತಿ ಹೊರಗೆ ಹಾಕಿದೀರಿ. ಕೂತ್ಕೊಳಿ, ಮುಖ್ಯಮಂತ್ರಿಗೆ ಒಂದು ಮನವಿ ಟೈಪ್ ಮಾಡಿ.”

ಶಿವಮೂರ್ತಿ ಎರಡು ಹೆಜ್ಜೆ ಹಿಂದೆ ಸರಿದ. ಆದರೆ ತಾಲ್ಲೂಕು ಅಧ್ಯಕ್ಷನೊಬ್ಬ ಎದುರು ನಿಂತು ‘ಸಾರ್’ ಅಂದಿದ್ದ. ಕೂತ. ತಿಲಕ್ ಹೇಳುತ್ತಾ ಹೋದ, ಇವನು ಒತ್ತುತ್ತಾ ಹೋದ. ಮುಗಿದ ಮೇಲೆ ಪ್ರಿಂಟಾಗಿ ಬಂದ ಹಾಳೆಯನ್ನು ತಿಲಕ್ ಓದಿದ: ‘ಮಾನ ಮುಖಮಂತಿಗಳಿಗೆ. ಕನಡ ನಮ ತಾಯಿ. ಒತಕಷರ ನಮ ಹಕು.’

ತಿಲಕನ ಮುಖ ಕೆಂಪೇರಿತು. ಶಿವಮೂರ್ತಿ ಕಣ್ಣು ಮುಚ್ಚಿಕೊಂಡ. ಈಗಲಾದರೂ ಸಿಕ್ಕಿಬಿದ್ದೆ, ಸದ್ಯ ಮುಗಿಯಿತು ಅಂತ ಒಳಗೊಳಗೇ ಹಗುರವೂ ಆಯಿತು.

“ನೋಡಿದ್ರಾ!” ಅಂತ ತಿಲಕ್ ಹಾಳೆಯನ್ನು ಜನರ ಕಡೆ ಎತ್ತಿ ಹಿಡಿದ. “ಪ್ರತಿಭಟನೆ ಮನವಿ ಬರೆಯೋಕೂ ಬಿಡ್ತಾ ಇಲ್ಲ! ನಮ್ಮ ತಾಯಿನ ಕನಡ ಮಾಡವ್ರೆ!” ಮೊಬೈಲಿನಲ್ಲಿ ಅಲ್ಲೇ ವಿಡಿಯೋ ತೆಗೆದ. ಸಂಜೆಯೊಳಗೆ ಅದು ತಾಲ್ಲೂಕು ಸುತ್ತಿತು. ವಿಡಿಯೋದ ಮೂಲೆಯಲ್ಲಿ ಲ್ಯಾಪ್‌ಟಾಪ್ ತಬ್ಬಿ ಕೂತಿದ್ದ ಶಿವಮೂರ್ತಿಯ ತಲೆಯ ಸುತ್ತ ಯಾರೋ ಕೆಂಪು ಗೆರೆ ಎಳೆದು ‘ಸತ್ಯ ಬಯಲಿಗೆಳೆದ ಅಧಿಕಾರಿ’ ಅಂತ ಬರೆದಿದ್ದರು.

ಎರಡು ದಿನ ಬಿಟ್ಟು ತುರುವೇಕೆರೆಯಲ್ಲಿ ಮೆರವಣಿಗೆ. ‘ಒತ್ತಕ್ಷರ ಉಳಿಸಿ’ ಅಂತ ಫ್ಲೆಕ್ಸು. ಹೈಸ್ಕೂಲು ಮಕ್ಕಳು ಒಂದೊಂದು ರಟ್ಟಿನ ಮೇಲೆ ಒಂದೊಂದು ಒತ್ತು ಬರೆದು ಹಿಡಿದಿದ್ದರು. ಮೆರವಣಿಗೆ ಖರೀದಿ ಉಸ್ತುವಾರಿಯ ಅಧಿಕಾರಿ ಪುಷ್ಪಲತಾ ಅವರ ಕಚೇರಿ ಮುಂದೆ ನಿಂತಿತು. ಆ ಹೆಣ್ಣುಮಗಳು ಬಂದು ಇನ್ನೂ ತಿಂಗಳೂ ಆಗಿರಲಿಲ್ಲ. ಅಂಥ ಆದೇಶ ಅವರು ಕಂಡಿರಲಿಲ್ಲ, ನಿಜ. ಆದರೆ ತಾನು ಕಾಣದ ಆದೇಶಗಳು ದಿನಕ್ಕೆಷ್ಟು ಹೊರಡುತ್ತವೆ ಅನ್ನುವುದೂ ಅವರಿಗೆ ಗೊತ್ತಿತ್ತು. ಇಲ್ಲ ಅಂದು, ನಾಳೆ ಇದೆ ಅಂತಾದರೆ?

“ಒತ್ತಕ್ಷರ ರದ್ದಾಗಿದೆಯೋ ಇಲ್ಲವೋ? ಒಂದೇ ಮಾತಲ್ಲಿ ಹೇಳಿ ಮೇಡಂ,” ಅಂದ ತಿಲಕ್.

“ಮೇಲಿನ ಕಚೇರಿಗೆ ಬರೆದು ಕೇಳ್ತೀನಿ ಸರ್. ಸದ್ಯಕ್ಕೆ ವಿಷಯ ಪರಿಶೀಲನೆಯಲ್ಲಿದೆ.”

“ಪರಿಶೀಲನೆಯಲ್ಲಿದೆ ಅಂತೆ!” ಅಂತ ತಿಲಕ್ ಮೈಕಿನಲ್ಲಿ ಕೂಗಿದ. “ಹಾಗಾದ್ರೆ ಪ್ರಸ್ತಾವ ಇರೋದು ನಿಜ ಅಂತಾಯ್ತು!” ಜೈಕಾರ ಮುಗಿಲಿಗೇರಿತು. ಮುಂದಿನ ಸಾಲಿನಲ್ಲಿದ್ದ ಶಿವಮೂರ್ತಿಯ ಕೈಯನ್ನು ಯಾರೋ ಹಿಡಿದು ಮೇಲೆತ್ತಿದರು. ಅವನೂ ಜೈ ಅಂದ. ಬೇರೆ ಏನನ್ನಬೇಕು?

ಈ ಗದ್ದಲದ ನಡುವೆಯೇ ಖರೀದಿ ಶುರುವಾಯಿತು. ಕಲ್ಲುಬಾವಿಯವರು ಟೆಂಪೋ ಮಾಡಿಕೊಂಡು ಮೂಟೆಗಳನ್ನು ಹೇರಿ ಹೋದರು. ಶಿವಮೂರ್ತಿಯೂ ಕಾರ್ಯದರ್ಶಿಯಾಗಿ ಜೊತೆಗೆ ಹೋದ. ಗೇಟಿನ ಬಳಿ ಕಂಪ್ಯೂಟರ್ ಮುಂದೆ ಕೂತಿದ್ದವಳು ಆಧಾರ್ ಕಾರ್ಡು ನೋಡುವಳು, ಸಂಘ ಕಳಿಸಿದ ಹೆಸರು ನೋಡುವಳು, ತಲೆ ಅಲ್ಲಾಡಿಸುವಳು.

“ಹೆಸರು ತಾಳೆ ಆಗ್ತಿಲ್ಲ. ಇಲ್ಲಿ ಕೆಂಚಪ ಅಂತಿದೆ. ನೀವು ಕೆಂಚಪ್ಪ.”

“ಆ ಕೆಂಚಪನೂ ನಾನೇ ಕಣಮ್ಮ!” ಊರಲ್ಲಿ ಅಲ್ಲ ಅಂದಿದ್ದ ಕೆಂಚಪ್ಪ ಇಲ್ಲಿ ಎದೆ ತಟ್ಟಿಕೊಂಡು ಹೇಳಿದ.

“ನೀವು ಹೇಳಿದ್ರೆ ಆಯ್ತಾ ತಾತ? ಕಂಪ್ಯೂಟರ್ ತಗೋಬೇಕಲ್ಲ. ಪಕ್ಕಕ್ಕೆ ಬನ್ನಿ.”

ಒಬ್ಬೊಬ್ಬರಾಗಿ ಪಕ್ಕಕ್ಕೆ ಬಂದರು. ಅಧ್ಯಕ್ಷ ಚಿಕ್ಕರಂಗಯ್ಯನವರೂ ಪಕ್ಕಕ್ಕೆ ಬಂದು, ತಾವು ಬಂದದ್ದು ಉಸ್ತುವಾರಿಗೆ ಮಾತ್ರ ಎಂಬಂತೆ ಕೈಕಟ್ಟಿಕೊಂಡು ನಿಂತರು. ಹೊಂಬಾಳಮ್ಮ ತನ್ನ ಸರದಿಯಲ್ಲಿ ಕಾರ್ಡನ್ನು ಎರಡೂ ಕೈಲಿ ಚಾಚಿದಳು. ಕಂಪ್ಯೂಟರಿನವಳು ನೋಡಿ ವಾಪಸ್ಸು ಕೊಟ್ಟಳು. ಹೊಂಬಾಳಮ್ಮ ಮೂಟೆ ಬಿಚ್ಚಿ ಒಂದು ಉಂಡೆ ಕೊಬ್ಬರಿ ತೆಗೆದು, “ಒಂದ್ಸಲ ನೋಡವ್ವ, ಒಂದೂ ಬೂಷ್ಟು ಹಿಡ್ದಿಲ್ಲ, ಒಂದೂ ಒಡಕಿಲ್ಲ” ಅಂದಳು.

“ಕೊಬ್ಬರಿ ಚೆನ್ನಾಗೇ ಇದೆ ಅಜ್ಜಿ. ಹೆಸರು ಸರಿ ಇಲ್ಲ.”

ಅವತ್ತು ತೂಕಕ್ಕೆ ಬಿದ್ದದ್ದು ಮೂರು ಮತ್ತೊಂದು ಹೆಸರಿನವರ ಕೊಬ್ಬರಿ. ಅದರಲ್ಲಿ ಸುನಂದಾಳದ್ದು ಒಂದು, ಗಿರಿಜಾಂಬಿಕಾಳದ್ದು ಒಂದು. ಉಳಿದವರ ಮೂಟೆಗಳು ಅದೇ ಟೆಂಪೋ ಹತ್ತಿದವು. ವಾಪಸ್ಸು ಬರುವ ದಾರಿಯಲ್ಲಿ ಯಾರೂ ಶಿವಮೂರ್ತಿಯನ್ನು ಬೈಯಲಿಲ್ಲ. ಅದು ಅವನಿಗೆ ಬೈಗುಳಕ್ಕಿಂತ ಭಾರವಾಯಿತು. ಅವರು ಬೈದದ್ದು ‘ಮೇಲಿನವರನ್ನು’. ಆ ಮೇಲಿನವರು ಟೆಂಪೋದ ಮೂಲೆಯಲ್ಲಿ ಮೂಟೆಗಳ ಮಧ್ಯೆ ಮೊಣಕಾಲು ತಬ್ಬಿಕೊಂಡು ಕೂತಿದ್ದರು.

ಮಾರನೇ ಬೆಳಿಗ್ಗೆ ಅವನು ನೇರ ಚಿಕ್ಕರಂಗಯ್ಯನವರ ಮನೆಗೆ ಹೋದ. “ಆರ್ಡರೂ ಇಲ್ಲ ಏನೂ ಇಲ್ಲ ಅಧ್ಯಕ್ಷರೇ. ನಾನು ಎಳನೀರು ಚೆಲ್ಬುಟ್ಟೆ. ಕೀ ಹೋಗೈತೆ. ಹೆಸರೆಲ್ಲ ಕೈಲಿ ಬರ್ದು ಈಗ್ಲೇ ತಗೊಂಡೋಗಣ. ಅವರು ಒಪ್ಪಿದ್ರೂ ಒಪ್ಪಬೌದು.”

ಚಿಕ್ಕರಂಗಯ್ಯ ಬಾಗಿಲು ಹಾಕಿ ಬಂದು ಮೆಲ್ಲಗೆ ಕೇಳಿದರು. “ಆರ್ಡರ್ ಇಲ್ಲ ಅಂದ್ರೆ ತುಮಕೂರಲ್ಲಿ ನಂಗೆ ಸಾಹೇಬ್ರು ಹೇಳಿದ್ದೇನು?”

“ಏನು ಹೇಳಿದ್ರು?”

ಚಿಕ್ಕರಂಗಯ್ಯ ಆ ಸಾಹೇಬರ ಮೂಗು, ಮೀಸೆ, ಕೊಟ್ಟ ಕಾಫಿಯ ಸಮೇತ ಕಥೆಯನ್ನು ಊರಿಗೆಲ್ಲ ಎಷ್ಟು ಸಲ ಹೇಳಿದ್ದರೆಂದರೆ, ಅವರಿಗೇ ಅದು ನಡೆದುಹೋದಂತಿತ್ತು. “ನಿಂಗೆ ಕೆಲಸ ಜಾಸ್ತಿಯಾಗಿ ತಲೆ ಬಿಸಿಯಾಗೈತೆ. ಹೋಗಿ ಮಲಿಕ್ಕೊ,” ಅಂದರು.

ಅಲ್ಲಿಂದ ತಿಲಕನಲ್ಲಿಗೆ ಹೋದ. ತಿಲಕ್ ಪೂರ್ತಿ ಕೇಳಿಸಿಕೊಂಡು, ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

“ಯಾರು ಸಾರ್ ನಿಮ್ಮನ್ನ ಹೆದರಿಸಿದ್ದು?”

“ಯಾರೂ ಇಲ್ಲಪ್ಪ. ಎಳನೀರು.”

“ಅರ್ಥ ಆಗುತ್ತೆ ಸಾರ್. ಮನೆ ಮಠ ಇರೋರು ನೀವು. ನೀವೇನೂ ಹೇಳ್ಬೇಡಿ. ನಾವಿದೀವಿ.” ಆ ಸಂಜೆಯ ವಿಡಿಯೋದಲ್ಲಿ ‘ಪ್ರಾಮಾಣಿಕ ಕಾರ್ಯದರ್ಶಿಗೆ ಬೆದರಿಕೆ’ ಅಂತ ಬಂತು. ರಾತ್ರಿಯಾಗುವ ಮುಂಚೆ ಸಂಘಟನೆಯ ಹುಡುಗರಿಬ್ಬರು ರಕ್ಷಣೆಗೆಂದು ಶಿವಮೂರ್ತಿಯ ಜಗಲಿಗೇ ಬಂದು ಕೂತರು. ಸುನಂದಾ ಅವರಿಗೂ ಮುದ್ದೆ ತೊಳಸಬೇಕಾಯಿತು.

ನಿಜ ಹೇಳುವುದಕ್ಕೂ ಒಂದು ಹೊತ್ತಿರುತ್ತದೆ, ಆ ಹೊತ್ತು ದಾಟಿದ ಮೇಲೆ ಅದನ್ನು ಕೊಳ್ಳುವ ಗಿರಾಕಿ ಸಿಗುವುದಿಲ್ಲ ಅಂತ ಶಿವಮೂರ್ತಿಗೆ ಆ ವಾರದಲ್ಲಿ ಚೆನ್ನಾಗಿ ಮನದಟ್ಟಾಯಿತು. ಪುಷ್ಪಲತಾ ಅವರಿಗೂ ಹೇಳಿ ನೋಡಿದ. ಅವರು, “ಈಗ ಮೇಲೆ ಬರೆದಾಗಿದೆ ಸರ್. ಉತ್ತರ ಬರೋ ತನಕ ಹೆಸರು ಮುಟ್ಟೋ ಹಾಗಿಲ್ಲ. ನೀವು ಎಳನೀರು ಅಂತ ಬರೆದುಕೊಟ್ರೆ, ಅದನ್ನೂ ಮೇಲೆ ಕಳಿಸಬೇಕಾಗುತ್ತೆ” ಅಂದರು.

ಉತ್ತರ ಬರುವಾಗ ಖರೀದಿ ಕೇಂದ್ರದ ಬಾಗಿಲು ಹಾಕಿ ತೂಕದ ಯಂತ್ರ ಎತ್ತಿಕೊಂಡು ಹೋಗಿದ್ದರು. ಉತ್ತರ ಒಂದೇ ಸಾಲಿನದು: ಒತ್ತಕ್ಷರಗಳನ್ನು ರದ್ದುಪಡಿಸುವ ಯಾವುದೇ ಪ್ರಸ್ತಾವ ಸರ್ಕಾರದ ಮುಂದೆ ಇರುವುದಿಲ್ಲ.

ತುರುವೇಕೆರೆ ಬಸ್ ಸ್ಟ್ಯಾಂಡಿನಲ್ಲಿ ಪಟಾಕಿ ಹೊಡೆದರು. “ಸರ್ಕಾರ ಮಣಿಯಿತು!” ಅಂದ ತಿಲಕ್. ಪ್ರಸ್ತಾವ ಇರಲಿಲ್ಲ ಅಂತ ಯಾರೂ ಓದಲಿಲ್ಲ, ಹಿಂದೆ ತೆಗೆದುಕೊಂಡರು ಅಂತಲೇ ಓದಿದರು. ಚಿಕ್ಕರಂಗಯ್ಯ ಬೆಳಿಗ್ಗೆಯೇ ಊರಿಗೆಲ್ಲ ಹೇಳಿದ್ದರು, ಸಾಹೇಬರು ತಮಗೆ ಫೋನ್ ಮಾಡಿ ‘ನಿಮ್ಮ ಊರಿಗೋಸ್ಕರ ವಾಪಸ್ ತಗೊಂಡ್ವಿ’ ಅಂದರಂತೆ.

ಮುಂದಿನ ಭಾನುವಾರ ತುರುವೇಕೆರೆಯಲ್ಲಿ ವಿಜಯೋತ್ಸವ, ಅದರಲ್ಲಿ ಶಿವಮೂರ್ತಿಗೆ ಸನ್ಮಾನ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಮುಂದಿನ ತಾಲ್ಲೂಕು ಪಂಚಾಯ್ತಿ ಚುನಾವಣೆಗೆ ತಿಲಕ್ ನಿಲ್ಲುತ್ತಾನೆ ಅಂತಲೂ ಅದೇ ವೇದಿಕೆಯಲ್ಲಿ ಘೋಷಣೆಯಾಯಿತು. ಮಾತಾಡಿ ಅಂತ ಮೈಕು ಕೊಟ್ಟಾಗ ಶಿವಮೂರ್ತಿ, “ನಾನು ಇದಕ್ಕೆ ಯೋಗ್ಯ ಅಲ್ಲ” ಅಂದ. ಅಷ್ಟಕ್ಕೇ ಚಪ್ಪಾಳೆ ಬಿತ್ತು. “ಇದರಲ್ಲಿ ನನ್ನದು ಬರೀ ತಪ್ಪೇ” ಅಂದ. ಇನ್ನೂ ಜೋರಾಗಿ ಬಿತ್ತು. ಅವನು ಕೂತುಕೊಂಡ.

ಮಾಯಸಂದ್ರದ ಕಡೆಯ ಬಸ್ಸು ತಿಪಟೂರಿನಿಂದ ತುಂಬಿಕೊಂಡೇ ಬಂತು. ಪೇಟ ನೋಡಿ ಜನ ದಾರಿಬಿಟ್ಟರು. ಹಿಂದಿನ ಸಾಲಿನಲ್ಲಿ ಕಿಟಕಿ ಪಕ್ಕ ಹೊಂಬಾಳಮ್ಮ ಕೂತಿದ್ದಳು. ಕಾಲ ಬುಡದಲ್ಲಿ ಖಾಲಿ ಗೋಣಿಚೀಲಗಳ ಕಟ್ಟು. ಪಕ್ಕದಲ್ಲಿದ್ದವನು ಎದ್ದು ಜಾಗ ಬಿಟ್ಟುಕೊಟ್ಟ. ಶಿವಮೂರ್ತಿ ಕೂತ.

“ಎಲ್ಲೋಗಿದ್ದೆ ದೊಡ್ಡಮ್ಮ?”

“ಮಂಡಿಗೆ. ಕೆಂಚಪ್ಪನ ಮೂಟೆ ಜೊತೆ ನಂದೂ ಹಾಕಿದ್ದೆ. ಮಡಗ್ಕಂಡು ಏನ್ ಮಾಡ್ಲಿ? ತೋಟಕ್ಕೆ ಗೊಬ್ಬರ ಆಗ್ಬೇಕು.” ಅವನ ತಲೆ ನೋಡಿದಳು. “ಚೆನ್ನಾಗೈತೆ ಕಣಪ್ಪ ಪೇಟ.”

ಅವನು ಪೇಟ ತೆಗೆದು ತೊಡೆ ಮೇಲಿಟ್ಟುಕೊಂಡ. ಬಸ್ಸು ಊರು ದಾಟಿ ತೋಟಗಳ ನಡುವೆ ಬಂತು. ಆಗ ಹೇಳಿದ. ನಿಧಾನವಾಗಿ, ಯಾವುದನ್ನೂ ಬಿಡದೆ, ನಾದಿನಿ ಕೇಳಿದ ಪ್ರಶ್ನೆಯಿಂದ ಹಿಡಿದು ಎಲ್ಲ ಹೇಳಿದ. ಹೊಂಬಾಳಮ್ಮ ಕಿಟಕಿಯಾಚೆ ನೋಡುತ್ತಾ ಕೇಳಿಸಿಕೊಂಡಳು.

“ಹಂಗಾದ್ರೆ ಮೇಲಿನೋರು ಏನೂ ಮಾಡ್ಲಿಲ್ವಾ?”

“ಇಲ್ಲ ದೊಡ್ಡಮ್ಮ. ಎಲ್ಲಾ ನಾನೇ.”

“ಅಯ್ಯೋ, ಅದನ್ನ ಯಾಕಪ್ಪ ಹೇಳ್ದೆ?” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಮೇಲಿನೋರು ಅಂದ್ಕಂಡು ಬಾಯ್ತುಂಬ ಬೈಕಂಡಿದ್ದೆ. ಬೈದು ಮಲಿಕ್ಕಂಡ್ರೆ ನಿದ್ದೆನಾದ್ರೂ ಬರೋದು. ಈಗ ನಿನ್ನ ಬೈಯನ ಅಂದ್ರೆ, ಬೆಳಿಗ್ಗೆ ಎದ್ದು ಬಾಗ್ಲು ತೆಗೆದ್ರೆ ನಿನ್ ಮುಖಾನೇ ನೋಡ್ಬೇಕಲ್ಲ.”

ಶಿವಮೂರ್ತಿ ಪೇಟವನ್ನು ತೊಡೆ ಮೇಲೆ ತಿರುಗಿಸುತ್ತಾ, “ಮಂಡೀಲಿ ಹೆಂಗ್ ತಗಂಡ್ರು?” ಅಂತ ಕೇಳಿದ.

ಹೊಂಬಾಳಮ್ಮ ಸೊಂಟದ ಚೀಲದಿಂದ ಮಡಿಸಿದ ಚೀಟಿ ತೆಗೆದು ಅವನ ಕೈಗಿಟ್ಟಳು. “ಓದು ನೋಡನ. ನನ್ ಹೆಸ್ರು ಹೆಂಗ್ ಬರ್ದವ್ನೆ?”

“ಹೊಂಬಾಳಮ್ಮ ಅಂತ ಐತೆ. ಸರಿಯಾಗೈತೆ.”

“ಒತ್ತು ಐತಾ?”

“ಐತೆ ದೊಡ್ಡಮ್ಮ.”

“ಹೂಂ. ಅವನು ಹೆಸ್ರು ಪೂರ್ತಿ ಬರ್ದ. ರೇಟು ಮೊಟಕು ಮಾಡ್ದ.” ಚೀಟಿ ವಾಪಸ್ಸು ಇಸಿದುಕೊಂಡು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಮಾಯಸಂದ್ರ ಬಂತು. ಹೊಂಬಾಳಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಶಿವಮೂರ್ತಿ ಗೋಣಿಚೀಲದ ಕಟ್ಟನ್ನು ಹೆಗಲಿಗೇರಿಸಿಕೊಂಡ. ಜರಿ ಶಾಲಿನ ಮೇಲೆ ಗೋಣಿಯ ನಾರು, ಕೊಬ್ಬರಿಯ ಸಿಪ್ಪೆ ಉದುರಿತು. ಅವಳಿಗೆ ಇಳಿಯಲು ಕೈ ಕೊಟ್ಟು, ಮುಂದೆ ಬಿಟ್ಟು, ತಾನು ಹಿಂದೆ ತಲೆತಗ್ಗಿಸಿಕೊಂಡು ಇಳಿದ.

ಬಸ್ಸಿನೊಳಗಿದ್ದವರೆಲ್ಲ ಕಿಟಕಿಗೆ ಬಂದರು. ಕಂಡಕ್ಟರು ಸೀಟಿ ಊದುವುದನ್ನು ಬಿಟ್ಟು ಬಾಗಿಲಲ್ಲೇ ನಿಂತು ನೋಡಿ, ಹಿಂದಿನವರಿಗೆ ಕೇಳಿಸುವಂತೆ ಹೇಳಿದ:

“ನೋಡ್ರಪ್ಪ, ವಿಡಿಯೋದಲ್ಲಿ ಬಂದಿದ್ರಲ್ಲ, ಅದೇ ಸಾರು. ಇಷ್ಟು ದೊಡ್ಡ ಮನುಷ್ಯ ಆದ್ರೂ ಒಂಚೂರು ಗರ್ವ ಇಲ್ಲ.”